ಅಮ್ಮನ ಅಷ್ಟೋತ್ತರ

ನಮ್ಮೂರಿನಲ್ಲಿ ಅಷ್ಟೋತ್ತರ ಎಂದರೆ ದೇವರ ನೂರೆಂಟು ಹೆಸರಲ್ಲ. ಅದನ್ನು ಹೇಳಬೇಕಾದಾಗ ‘ಗುಡಿಯ ಅಷ್ಟೋತ್ತರ’ ಎಂದು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಕೇಳಿದವರು ಹೌಹಾರಿ ಬಾಗಿಲ ಕಡೆ ನೋಡುತ್ತಾರೆ. ಬರೀ ಅಷ್ಟೋತ್ತರ ಎಂದರೆ ಮನುಷ್ಯರದು. ನಲ್ಲಿಯಲ್ಲಿ ನೀರು ಬರಲಿಲ್ಲ, ನಾದಿನಿ ಸರಿಯಿಲ್ಲ, ಮಂಡಿ ನೋವು, ಪಕ್ಕದ ಮನೆಯ ನುಗ್ಗೆಮರದ ಎಲೆಯೆಲ್ಲ ನಮ್ಮಂಗಳಕ್ಕೇ ಬೀಳುತ್ತದೆ, ಹೀಗೆ ಒಂದಾದ ಮೇಲೊಂದು. ಒಬ್ಬರು ಒಂದು ದೂರು ಹೇಳಿದರೆ ಏನೂ ಆಗುವುದಿಲ್ಲ. ಎರಡನೆಯದಕ್ಕೆ ಕೇಳುವವರ ಪಾದ ಜುಮ್ಮೆನ್ನುತ್ತದೆ. ಮೂರನೆಯದಕ್ಕೆ ನೆಲ ಹಿಡಿದುಕೊಳ್ಳುತ್ತದೆ. ಆಮೇಲೆ ಕಿವಿ ಮುಚ್ಚಿಕೊಂಡೂ ಪ್ರಯೋಜನವಿಲ್ಲ. ನಿಂತವರು ನಿಂತಲ್ಲೇ, ಕೂತವರು ಕೂತಲ್ಲೇ. ಹೇಳುವವರು ಮುಗಿಸಿ ‘ಅಷ್ಟೇ’ ಅನ್ನುವವರೆಗೆ ಬಿಡುಗಡೆಯಿಲ್ಲ. ಬಾಯಿಮಾತಿಗೆ ‘ಅಷ್ಟೇ’ ಅಂದರೂ ನಡೆಯದು. ಹೊಟ್ಟೆಯಲ್ಲಿ ಒಂದೇ ಒಂದು ಉಳಿದಿದ್ದರೂ ನೆಲಕ್ಕೆ ಗೊತ್ತಾಗುತ್ತದೆ. ಹೇಳುವವರ ಕಾಲಿಗೆ ಮಾತ್ರ ಅಡ್ಡಿಯಿಲ್ಲ, ಅವರು ಎಲ್ಲಿ ಬೇಕಾದರೂ ಓಡಾಡಬಹುದು. ಒಮ್ಮೆ ಒಬ್ಬ ಕಳ್ಳ ನಮ್ಮ ಹಿಂದಿನ ಬೀದಿಯ ಮನೆಗೆ ನುಗ್ಗಿ ತನ್ನ ಕಷ್ಟವನ್ನೆಲ್ಲ ಹೇಳಿಕೊಳ್ಳುತ್ತ ಪಾತ್ರೆ ಪಡಗ ಗಂಟು ಕಟ್ಟಿದ. ಹೊರಡುವಾಗ ಬಾಗಿಲಲ್ಲಿ ನಿಂತು ‘ಅಷ್ಟೇ’ ಅಂದು ಹೋದ. ಆ ಮನೆಯವರು ಇಂದಿಗೂ ಅವನನ್ನು ಮರ್ಯಾದಸ್ಥ ಎನ್ನುತ್ತಾರೆ.

ಇದಕ್ಕೆಲ್ಲ ಹೊಂದಿಕೊಂಡೇ ನಾವು ಬೆಳೆದದ್ದು. ನಮ್ಮೂರಲ್ಲಿ ಯಾರೂ ಯಾರನ್ನೂ ‘ಹೇಗಿದ್ದೀರಿ’ ಎಂದು ಕೇಳುವುದಿಲ್ಲ. ‘ಊಟ ಆಯ್ತಾ’ ಅಂದರೆ ‘ಆಯ್ತು’ ಎಂದಷ್ಟೇ ಉತ್ತರ, ಆಗದಿದ್ದರೂ. ಡಾಕ್ಟರು ‘ಎಲ್ಲಿ?’ ಎಂದು ಕೇಳುತ್ತಾರೆ, ಬಂದವರು ಬೆರಳಿಟ್ಟು ತೋರಿಸುತ್ತಾರೆ. ಪೇಟೆಗೆ ಹೊರಟವರು ಚೀಲದಲ್ಲಿ ಒಂದಿಷ್ಟು ಕಡ್ಲೆಪುರಿ ಇಟ್ಟುಕೊಂಡಿರುತ್ತಾರೆ, ಎಲ್ಲಿ ಸಿಕ್ಕಿಬೀಳುತ್ತೇವೋ ಯಾರಿಗೆ ಗೊತ್ತು. ಹೂಂಗುಟ್ಟುತ್ತಿದ್ದರೆ ಬೇಗ ಮುಗಿಯುತ್ತದೆ ಎಂದು ಹಿರಿಯರು ಹೇಳುವುದರಿಂದ ಚಿಕ್ಕ ಮಕ್ಕಳಿಗೆ ‘ಅಮ್ಮ’ ‘ಅಪ್ಪ’ ಆದಮೇಲೆ ಕಲಿಸುವ ಮಾತೇ ‘ಹೂಂ’.

ನಾನು ಭ್ರಮರಾಂಬ. ಅಪ್ಪ ನಂಜುಂಡಯ್ಯನವರ ಹಿಟ್ಟಿನ ಗಿರಣಿಯನ್ನು ಈಗ ನಾನು ನಡೆಸುತ್ತೇನೆ. ಗಿರಣಿಯ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸದ ಕಾರಣ ಊರಿನ ಹೆಂಗಸರು ರಾಗಿ ಬೀಸಿಸುವ ನೆಪದಲ್ಲಿ ಬಂದು, ಬೆಲ್ಟಿನ ಪಕ್ಕದಲ್ಲಿ ನಿಂತು, ಬಾಯ್ತುಂಬ ಹೇಳಿಕೊಂಡು ಹಗುರಾಗಿ ಹೋಗುತ್ತಾರೆ. ತುಟಿ ಆಡುವುದು ಕಾಣುತ್ತದೆ, ಅಷ್ಟೇ. ಗಿರಣಿಗೂ ಬಂದು ಏನನ್ನೂ ಹೇಳಿಕೊಳ್ಳದವಳೆಂದರೆ ನಮ್ಮಮ್ಮ ಒಬ್ಬಳೇ. ಅಮ್ಮ ಅಷ್ಟೋತ್ತರ ಶುರು ಮಾಡಿದ್ದನ್ನು ಊರಲ್ಲಿ ಯಾರೂ ಕೇಳಿರಲಿಲ್ಲ. ‘ವಿಶಾಲಾಕ್ಷಮ್ಮನ ಮನೆಗೆ ಧೈರ್ಯವಾಗಿ ಹೋಗಬಹುದು, ಹೋದವರು ಹೊತ್ತಿಗೆ ಸರಿಯಾಗಿ ಎದ್ದು ಬರಬಹುದು’ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಅಪ್ಪ ಅದನ್ನು ತನಗೆ ಸಿಕ್ಕಿದ ಬಿರುದಿನ ಹಾಗೆ ಹೇಳಿಕೊಂಡು ತಿರುಗುತ್ತಿದ್ದ.

ನನ್ನನ್ನು ಹೊರಗಿನ ಊರಿಗೆ ಕೊಟ್ಟಿದ್ದರು. ಗಂಡ ಬಡಿಯುವವನಲ್ಲ, ಕುಡಿಯುವವನಲ್ಲ. ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದ. ಯಾಕೆ ಎಂದು ಕೇಳಿದರೆ ‘ಕಾಲ ಕೆಟ್ಟಿದೆ’ ಅನ್ನುತ್ತಿದ್ದ. ಒಂದು ಬೆಳಿಗ್ಗೆ ಅವನು ಬೀಗ ಮರೆತ. ನಾನು ಒಂದು ಬ್ಯಾಗು ಹಿಡಿದು ಬಸ್ಸು ಹತ್ತಿದೆ. ಮನೆಬಾಗಿಲಿಗೆ ಬಂದು ನಿಂತಾಗ ಅಮ್ಮ ನನ್ನನ್ನು ನೋಡಿ, ಬೀದಿಯಲ್ಲಿ ನಿಂತಿದ್ದವರನ್ನು ನೋಡಿ, ಜಗಲಿಯ ಕಂಬಕ್ಕೆ ಹಣೆ ಒತ್ತಿ ಗಟ್ಟಿಯಾಗಿ ಅತ್ತಳು. ಆ ಅಳು ನನ್ನ ಕಿವಿಯಿಂದ ಹೋಗಲಿಲ್ಲ. ಆಮೇಲೂ ಯಾರಾದರೂ ನೆಂಟರು ಬಂದರೆ ಅಮ್ಮನ ಮುಖ ಇಳಿಯುತ್ತಿತ್ತು, ಸೆರಗು ಕಣ್ಣಿಗೆ ಹೋಗುತ್ತಿತ್ತು. ನನ್ನಿಂದಾಗಿ ಅಮ್ಮನಿಗೆ ಈ ಗತಿ ಬಂತಲ್ಲ ಎಂದು ನಾನು ಗಿರಣಿಯಲ್ಲಿಯೇ ಹೆಚ್ಚು ಹೊತ್ತು ಕಳೆಯುವುದನ್ನು ರೂಢಿ ಮಾಡಿಕೊಂಡೆ. ಅಲ್ಲಿ ಸದ್ದಾದರೂ ಇತ್ತು.

ತಂಗಿ ಇಂದ್ರಾಣಿಗೆ ಹೊಳೆಯಾಚೆಯ ಊರಿನಿಂದ ಸಂಬಂಧ ಬಂತು. ಹುಡುಗ ಪ್ರಭಾಕರ ಹೈಸ್ಕೂಲಿನ ಮೇಷ್ಟ್ರು, ಇವಳಿಗೂ ಒಪ್ಪಿಗೆಯಾಗಿದ್ದ. ಮನೆಯಲ್ಲಿ ಗಂಡನನ್ನು ಬಿಟ್ಟು ಬಂದ ಅಕ್ಕ ಇದ್ದಾಳೆಂದರೆ ಸಂಬಂಧ ತಪ್ಪೀತು ಎಂದು ಅಪ್ಪ, ದೊಡ್ಡಳಿಯ ಹಡಗಿನಲ್ಲಿ ಕೆಲಸದಲ್ಲಿದ್ದಾನೆ ಎಂದು ಹೇಳಿಬಿಟ್ಟ. ಅಪ್ಪ ಹುಟ್ಟಿದಮೇಲೆ ಸಮುದ್ರವನ್ನೇ ನೋಡಿದವನಲ್ಲ. ಹುಡುಗನ ತಂದೆ ಸದಾಶಿವಯ್ಯನವರಿಗೋ ಹಡಗು ಎಂದರೆ ಪ್ರಾಣ. ಸಿಕ್ಕಾಗಲೆಲ್ಲ ‘ಈಗ ಯಾವ ಬಂದರಿನಲ್ಲಿದ್ದಾರಮ್ಮ ನಿಮ್ಮ ಯಜಮಾನ್ರು?’ ಎಂದು ಕೇಳುತ್ತಿದ್ದರು. ನನ್ನ ಗಂಡನನ್ನು ನಾನು ಎರಡು ಸಲ ಒಂದೇ ಬಂದರಿಗೆ ಕಳಿಸದ ಹಾಗೆ ಎಚ್ಚರ ವಹಿಸಬೇಕಾಗಿತ್ತು.

ಬೀಗರಿಗೆ ನಮ್ಮೂರಿನ ಸಂಗತಿಯನ್ನು ಮೊದಲೇ ತಿಳಿಸಿದ್ದೆವು. ಯಾರ ಯೋಗಕ್ಷೇಮವನ್ನೂ ವಿಚಾರಿಸಬೇಡಿ ಎಂದು ಕೈಮುಗಿದು ಹೇಳಿದ್ದೆವು. ಅವರು ತಲೆಯಾಡಿಸಿದ್ದರು. ಆದರೆ ಹೊರಗಿನವರಿಗೆ ಇಂಥದ್ದು ತಲೆಗೆ ಇಳಿಯುವುದಿಲ್ಲ. ಅವರು ಒಳ್ಳೆಯ ಮನೆತನದವರು, ನಾಲ್ಕು ಜನರ ಕಷ್ಟಸುಖ ಕೇಳಿ ಅಭ್ಯಾಸವಾದವರು.

ಮದುವೆ ನಮ್ಮೂರ ಛತ್ರದಲ್ಲಿ. ಮುಹೂರ್ತ ಹತ್ತಿರ ಬಂದಿತ್ತು. ಪ್ರಭಾಕರ ಹಸೆಮಣೆಯ ಮೇಲೆ ನಿಂತಿದ್ದ. ಅವನ ಮುಂದೆ ಇಬ್ಬರು ಅಂತರಪಟ ಹಿಡಿದಿದ್ದರು. ಕಳಸಗಿತ್ತಿಯಾಗಿ ನಾನು ಕಳಸ ಹಿಡಿದು ಪಕ್ಕದಲ್ಲಿದ್ದೆ. ಹಡಗಿನವನ ಹೆಂಡತಿಯಾದ್ದರಿಂದ ಅದು ನನ್ನ ಪಾಲಿಗೆ ಬಂದಿತ್ತು. ಇಂದ್ರಾಣಿಯನ್ನು ಸೋದರಮಾವ ಕೋಣೆಯಿಂದ ಕರೆತರುತ್ತಿದ್ದ, ಹೊಸಿಲು ದಾಟಿದ್ದರು ಅಷ್ಟೇ. ಅಪ್ಪ ದೊಡ್ಡ ಬಾಗಿಲಲ್ಲಿ ಪನ್ನೀರುದಾನಿ ಹಿಡಿದು ನಿಂತಿದ್ದ. ಅಮ್ಮ ಅಕ್ಷತೆಯ ತಟ್ಟೆ ಹಿಡಿದು ಎಲ್ಲರಿಗೂ ಹಂಚುತ್ತ ಸದಾಶಿವಯ್ಯನವರ ಮುಂದೆ ಬಂದಳು. ಅವರು ಎರಡು ಕಾಳು ಅಕ್ಷತೆ ತೆಗೆದುಕೊಂಡು, ಬಹಳ ಪ್ರೀತಿಯಿಂದ, ‘ವಿಶಾಲಾಕ್ಷಮ್ಮನೋರೆ, ಎಲ್ಲಾ ನೀವೊಬ್ರೇ ನೋಡ್ಕೊಂಡ್ರಿ. ನಿಮಗೇನೂ ತೊಂದ್ರೆ ಆಗ್ಲಿಲ್ಲ ತಾನೆ?’ ಎಂದರು.

ನಮ್ಮ ಕಡೆಯವರೆಲ್ಲ ಒಟ್ಟಿಗೆ ಉಸಿರು ಹಿಡಿದರು.

‘ತೊಂದ್ರೆನಾ?’ ಎಂದಳು ಅಮ್ಮ. ಆ ಪದವನ್ನು ಮೊದಲ ಸಲ ಕೇಳಿದವಳ ಹಾಗೆ. ತಟ್ಟೆಯನ್ನು ಪಕ್ಕದ ಕುರ್ಚಿಯ ಮೇಲಿಟ್ಟಳು. ‘ಏನಿಲ್ಲ, ಬೆಳಗ್ಗಿಂದ ಕಾಫಿ ಕುಡ್ದಿಲ್ಲ. ಯಾರೂ ಕೇಳ್ಲಿಲ್ಲ.’

‘ವಿಶಾಲೂ!’ ಎಂದು ಅಪ್ಪ ಬಾಗಿಲಿನಿಂದ ಕೂಗಿದ.

‘ಹೀಗೇ. ನಾನು ಬಾಯಿ ತೆರೆದ್ರೆ ಅಲ್ಲಿಂದ ಕೂಗ್ತಾರೆ.’

ನನ್ನ ಪಾದ ಜುಮ್ಮೆಂದಿತು. ಯಾರೋ ಹಿಂದಿನ ಸಾಲಿನವರು ಹೊರಗೆ ಓಡಲು ನೋಡಿದರು. ಅಷ್ಟರಲ್ಲಿ ಅಮ್ಮ, ‘ಇಷ್ಟು ವರ್ಷ ಈ ಮನೇಲಿ ಬೆಂಡೆಕಾಯಿ ಮಾಡ್ತಾ ಬಂದಿದೀನಿ, ನಂಗೆ ಬೆಂಡೆಕಾಯಿ ಕಂಡ್ರಾಗಲ್ಲ’ ಎಂದಳು, ಛತ್ರದ ನೆಲ ಎಲ್ಲರನ್ನೂ ಹಿಡಿದುಕೊಂಡಿತು.

ಮೊದಮೊದಲು ಜನ ನಕ್ಕರು. ಅಮ್ಮನ ದೂರುಗಳಲ್ಲಿ ಹೆಚ್ಚಿನವು ಅಪ್ಪನ ಮೇಲೆಯೇ. ಗಿರಣಿಯಿಂದ ಬಂದವನು ಮೈತುಂಬ ಹಿಟ್ಟಿರುವಾಗಲೇ ಆಗ ತಾನೇ ಒಗೆದು ಹಾಸಿದ ಹಾಸಿಗೆಯ ಮೇಲೆ ಕೂರುತ್ತಾನೆ. ಬಾಯಿಗಿಡುವ ಮೊದಲೇ ‘ಉಪ್ಪು ಕಮ್ಮಿ’ ಅನ್ನುತ್ತಾನೆ. ಅಮ್ಮನನ್ನು ಕೇಳಿದ ಪ್ರಶ್ನೆಗೆ ಅವನೇ ಉತ್ತರ ಕೊಡುತ್ತಾನೆ. ತೌರಿನಿಂದ ತಂದ ಹೊಲಿಗೆ ಮೆಷಿನ್ನಿನ ಮೇಲೆ ರಾಗಿ ಮೂಟೆ ಇಟ್ಟ, ಈಗಲೂ ಅಲ್ಲೇ ಇದೆ. ಪ್ರತಿಯೊಂದಕ್ಕೂ ಛತ್ರದವರೆಲ್ಲ ‘ಹೂಂ’ ಎನ್ನುತ್ತಿದ್ದರು. ಬೀಗರ ಕಡೆಯವರೂ ಕಲಿತರು. ವಾಲಗದವರಿಗೆ ಕೈ ಸುಮ್ಮನಿರಲಾರದೆ ಡೋಲಿನವನು ಒಂದೊಂದು ಹೂಂಗೂ ಒಂದೊಂದು ಪೆಟ್ಟು ಕೊಡತೊಡಗಿದ. ಅಪ್ಪ ಮಾತ್ರ ಬಾಗಿಲಲ್ಲಿ ನಿಂತು, ಹೂಂಗುಟ್ಟಲೂ ಆಗದೆ ಬಿಡಲೂ ಆಗದೆ, ಪ್ರತಿ ಸಲ ಅಭ್ಯಾಸಬಲದಿಂದ ಒಂದಿಷ್ಟು ಪನ್ನೀರು ಎರಚುತ್ತಿದ್ದ. ಅವನ ಮುಂದಿನವರು ಪೂರ್ತಿ ನೆನೆದುಹೋದರು.

ಅಮ್ಮ ಓಡಾಡಿಕೊಂಡು ಹೇಳುತ್ತಿದ್ದಳು. ಮದುವೆಯ ಮನೆಯಲ್ಲಿ ಅವಳೊಬ್ಬಳೇ ನಡೆದಾಡುವವಳು. ಅಡಿಗೆ ಮನೆಗೆ ಹೋಗಿ ಒಂದು ಲೋಟ ಕಾಫಿ ಮಾಡಿಕೊಂಡು ಬಂದಳು. ಕುಡಿಯುತ್ತ, ಜನರ ನಡುವೆ ಸುತ್ತುತ್ತ, ತನ್ನ ಕೊನೆಯ ತಮ್ಮ ತೀರಿಕೊಂಡ ಸುದ್ದಿ ಬಂದಾಗ ಅಪ್ಪ ‘ಇನ್ನೊಂದು ಬಸ್ಸಿಗೆ ಹೋದ್ರಾಯ್ತು’ ಅಂದದ್ದನ್ನು ಹೇಳಿದಳು. ಆ ಇನ್ನೊಂದು ಬಸ್ಸು ಕೆಟ್ಟು ನಿಂತು, ತಮ್ಮನ ಮುಖ ನೋಡಲಿಕ್ಕೆ ಸಿಗಲಿಲ್ಲ. ಆಗ ಡೋಲು ಬಡಿಯಲಿಲ್ಲ. ಅಪ್ಪ ಪನ್ನೀರುದಾನಿಯನ್ನು ಕೆಳಗಿಳಿಸಿದ.

‘ಅಮ್ಮಾ, ಮುಹೂರ್ತ ದಾಟ್ತಾ ಇದೆ’ ಎಂದರು ಪುರೋಹಿತ ಜೋಯಿಸರು. ಆಮೇಲೆ ‘ದಾಟಿತು’ ಎಂದರು. ಪಂಚಾಂಗ ತಿರುವಿ, ಅಭಿಜಿನ್ ಮುಹೂರ್ತ ಇದೆ, ಚಿಂತೆಯಿಲ್ಲ ಎಂದರು. ಅದೂ ದಾಟಿತು. ಅಂತರಪಟ ಹಿಡಿದವರ ತೋಳು ಸೋತು ಬಟ್ಟೆ ನಿಧಾನವಾಗಿ ಇಳಿದು, ವರನ ಮೂಗು ಕಂಡಿತು, ಆಮೇಲೆ ಗಲ್ಲ ಕಂಡಿತು. ಆ ತುದಿಯಲ್ಲಿ ಇಂದ್ರಾಣಿ, ಈ ತುದಿಯಲ್ಲಿ ಪ್ರಭಾಕರ, ನಡುವೆ ಸಿಕ್ಕಿಬಿದ್ದ ಊರು.

ಕೊನೆಗೊಮ್ಮೆ ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ‘ಅಷ್ಟೇ’ ಎಂದಳು.

ಎಲ್ಲರೂ ಕಾಲೆತ್ತಲು ನೋಡಿದರು. ಬರಲಿಲ್ಲ.

‘ಅಷ್ಟೇ’ ಎಂದಳು ಮತ್ತೆ, ಸ್ವಲ್ಪ ಗಟ್ಟಿಯಾಗಿ. ಆಗಲೂ ಇಲ್ಲ.

ಜನ ಸಹಾಯಕ್ಕೆ ಬಂದರು. ‘ಆ ರೇಷ್ಮೆ ಸೀರೆ ಇಲಿ ಕಡೀತಲ್ಲ, ಅದು?’ ಎಂದು ಯಾರೋ ಕೇಳಿದರು. ‘ಅದು ಹೇಳಾಯ್ತು’ ಎಂದು ಇನ್ನೊಬ್ಬರು. ‘ನಿಮ್ಮತ್ತೆ ಸಕ್ಕರೆ ಡಬ್ಬಕ್ಕೆ ಬೀಗ ಹಾಕ್ತಿದ್ದದ್ದು?’ ‘ಅದೂ ಆಯ್ತಲ್ರೀ, ಬೆಂಡೆಕಾಯಿ ಆದ್ಮೇಲೆ.’ ಬೀಗರ ಕಡೆಯ ಅಜ್ಜಿಯೊಬ್ಬರು ತಮ್ಮ ಅನುಭವದಿಂದ ಕೆಲವು ಸೂಚಿಸಿದರು, ಅವು ಅಮ್ಮನವಾಗಿರಲಿಲ್ಲ. ಅಪ್ಪ ಬಾಗಿಲಿನಿಂದ ಸೋತ ದನಿಯಲ್ಲಿ, ‘ಇನ್ನೇನಿದ್ರೂ ಹೇಳ್ಬಿಡೇ. ನನ್ನ ಮರ್ಯಾದೆ ಅಂತ ಏನೂ ಉಳ್ದಿಲ್ಲ, ಹೆದರ್ಬೇಡ’ ಎಂದ.

ಅಮ್ಮ ಅವನ ಕಡೆ ನೋಡಲಿಲ್ಲ. ನನ್ನ ಬಳಿಗೆ ಬಂದು, ಕಳಸ ಹಿಡಿದು ಸೋತಿದ್ದ ನನ್ನ ಕೈಗಳ ಕೆಳಗೆ ತನ್ನ ಕೈ ಇಟ್ಟಳು. ‘ಒಂದು ಉಳ್ಕೊಂಡಿದೆ ಕಣೇ’ ಎಂದು ಪಿಸುಗುಟ್ಟಿದಳು. ‘ಹೇಳಕ್ಕಾಗಲ್ಲ.’

ನನಗೆ ಗೊತ್ತಾಯಿತು. ‘ನನ್ನ ವಿಷಯಾನಾ?’ ಎಂದೆ.

ಅವಳು ಬೀಗರ ಕಡೆ ಕಣ್ಣು ಹಾಯಿಸಿದಳು.

‘ಹೇಳ್ಬಿಡಮ್ಮ.’

‘ಇವರೆಲ್ಲ ಇದಾರೆ. ಮದುವೆ ನಿಂತೋದ್ರೆ?’

‘ಈಗ ನಡೀತಾ ಇದ್ಯಾ?’

ಕೋಣೆಯ ಬಾಗಿಲಲ್ಲಿ ಸೋದರಮಾವನ ಕೈ ಹಿಡಿದು ನಿಂತಿದ್ದ ಇಂದ್ರಾಣಿಗೆ ಎಲ್ಲ ಕೇಳಿಸದಿದ್ದರೂ ಅರ್ಥವಾಗಿತ್ತು. ‘ಅಮ್ಮಾ, ಅಕ್ಕಂದೇ ಆಗಿದ್ರೆ ಹೇಳಮ್ಮ’ ಎಂದು ಕೂಗಿದಳು. ‘ಆಗಿದ್ದಾಗ್ಲಿ. ಕಾಲು ಬಿದ್ದೋಗ್ತಾ ಇದೆ ನಂಗೆ.’

ಅಮ್ಮ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ನಾನು ಮನೆಗೆ ಬಂದು ಅವಳ ಮುಖಕ್ಕೆ ಮಸಿ ಬಳಿದೆ ಎಂದು ಹೇಳುತ್ತಾಳೆ, ಹೇಳಲಿ, ಇಷ್ಟು ಜನರೆದುರು ಒಂದೇ ಸಲ ಹೇಳಿ ಮುಗಿಸಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಅವಳು ಬೀಗಿತ್ತಿ ಅಂಬುಜಮ್ಮನವರ ಎದುರಿಗೆ ಹೋಗಿ ನಿಂತಳು. ಪ್ರಭಾಕರನ ತಾಯಿ ಅಂಬುಜಮ್ಮ ಬೆಳಗಿನಿಂದ ಒಂದು ಮಾತನ್ನೂ ಆಡಿರಲಿಲ್ಲ. ಗಂಡ ಹಡಗಿನ ಬಗ್ಗೆ ಮಾತಾಡುವಾಗಲೆಲ್ಲ ಪಕ್ಕದಲ್ಲಿ ಕೂತು ಬಳೆ ತಿರುಗಿಸಿಕೊಳ್ಳುತ್ತಿದ್ದರು.

‘ನಮ್ಮ ದೊಡ್ಡಳಿಯ ಹಡಗಲ್ಲಿಲ್ಲ’ ಎಂದಳು ಅಮ್ಮ.

ಯಾರೂ ಹೂಂ ಅನ್ನಲಿಲ್ಲ. ಸದಾಶಿವಯ್ಯನವರ ಮುಖ ಮಾತ್ರ, ಹಡಗೇ ಮುಳುಗಿಹೋದ ಹಾಗೆ, ಬಿಳುಚಿಕೊಂಡಿತು. ನೆಲ ಬಿಡಲಿಲ್ಲ.

‘ಅವನು ಅವನೂರಲ್ಲೇ ಇದಾನೆ. ನಮ್ಮ ಹುಡುಗೀನ ಮನೇಲಿ ಕೂಡಿಹಾಕಿ ಬೀಗ ಹಾಕ್ಕೊಂಡು ಹೋಗ್ತಿದ್ದ. ಇವಳು ಬಿಟ್ಟು ಬಂದ್ಲು.’

ನಾನು ಕಣ್ಣು ಮುಚ್ಚಿಕೊಂಡೆ. ಈಗ ಬಿಡುತ್ತದೆ ಅಂದುಕೊಂಡೆ. ನೆಲ ಇನ್ನೂ ಹಿಡಿದೇ ಇತ್ತು.

‘ಅವತ್ತು ಅವಳು ಬ್ಯಾಗ್ ಹಿಡ್ಕೊಂಡು ಬಾಗಿಲಲ್ಲಿ ನಿಂತ್ಲಲ್ಲ,’ ಎಂದಳು ಅಮ್ಮ. ‘ನಂಗೆ ಎಷ್ಟು ಸಂತೋಷ ಆಯ್ತು ಗೊತ್ತಾ? ಅಪ್ಪಿಕೊಂಡು ಕುಣೀಬೇಕು ಅನ್ನಿಸ್ತು. ಬೀದಿ ಜನ ಎಲ್ಲಾ ನೋಡ್ತಾ ಇದ್ರು. ಗಂಡನ್ನ ಬಿಟ್ಟು ಬಂದ ಮಗಳನ್ನ ನೋಡಿ ಯಾರಾದ್ರೂ ನಗ್ತಾರಾ? ಅಳಬೇಕಾಗಿತ್ತು, ಅತ್ಬಿಟ್ಟೆ. ಆವಾಗಿಂದ ಯಾರು ಬಂದ್ರೂ ಮುಖ ಇಳಿಬಿಟ್ಕೊಂಡು ಕೂತ್ಕೋಬೇಕು. ಕಣ್ಣಲ್ಲಿ ನೀರು ಬರ್ದಿದ್ರೆ ಈರುಳ್ಳಿ ಹೆಚ್ಕೊಂಡು ಬಂದು ಕೂತ್ಕೋತೀನಿ. ಅವಳು ಸಂಜೆ ಗಿರಣಿ ಮುಚ್ಚಿ ಬರೋದನ್ನೇ ಕಾಯ್ತಾ ಇರ್ತೀನಿ, ಬಂದ ತಕ್ಷಣ ಮುಖ ಸಪ್ಪಗೆ ಮಾಡ್ಕೋತೀನಿ. ನಂಗೆ ಸಾಕಾಗೋಗಿದೆ ಕಣ್ರೀ. ನನ್ನ ಮಗಳು ಮನೇಲಿದ್ರೆ ನಂಗೆ ಖುಷಿ. ಅಷ್ಟೇ.’

ನೆಲ ಬಿಟ್ಟಿತು. ಒಮ್ಮೆಲೇ ಬಿಟ್ಟದ್ದರಿಂದ ನಿಂತಿದ್ದವರೆಲ್ಲ ಮುಗ್ಗರಿಸಿದರು, ಅಂತರಪಟ ಹಿಡಿದವರಿಬ್ಬರೂ ಅದರ ಮೇಲೆಯೇ ಬಿದ್ದರು. ನನ್ನ ಕಳಸದ ನೀರು ಚೆಲ್ಲಿ ಸೀರೆ ಒದ್ದೆಯಾಯಿತು. ನಾನು ಅಳುತ್ತಿದ್ದೇನೋ ನಗುತ್ತಿದ್ದೇನೋ ನನಗೇ ತಿಳಿಯಲಿಲ್ಲ. ಅಮ್ಮ ನನ್ನ ಕಡೆ ತಿರುಗಿದಳು. ಅವಳ ಮುಖದ ಮೇಲೆ ಎಂಥ ನಗು ಇತ್ತೆಂದರೆ, ಆ ನಗುವನ್ನು ಅಷ್ಟು ದಿನ ಅವಳು ಎಲ್ಲಿ ಬಚ್ಚಿಟ್ಟಿದ್ದಳೋ ಎನ್ನಿಸಿತು.

ಆದರೆ ಇನ್ನೂ ಯಾರೂ ತಮ್ಮ ಜಾಗ ಬಿಟ್ಟು ಕದಲಲಿಲ್ಲ. ಕಾಲು ಬಂದಿದ್ದರೂ ಎಲ್ಲರೂ ಅಂಬುಜಮ್ಮನವರನ್ನು ನೋಡುತ್ತಿದ್ದರು. ಅವರು ಎದ್ದರು. ಸದಾಶಿವಯ್ಯನವರು, ‘ಹೊರಡೋಣ, ಸುಳ್ಳು ಹೇಳಿದಾರೆ’ ಎಂದು ಶಲ್ಯ ಕೊಡವಿದರು. ಅಂಬುಜಮ್ಮ ಅವರ ಮಾತು ಕಿವಿಗೆ ಹಾಕಿಕೊಳ್ಳದೆ ನೇರವಾಗಿ ನನ್ನ ಹತ್ತಿರ ಬಂದರು.

‘ಬೀಗ ಹಾಕ್ತಿದ್ನಾ?’ ಎಂದು ಕೇಳಿದರು.

‘ಹೂಂ’ ಎಂದೆ.

‘ಕೀಲಿ?’

‘ಜನಿವಾರಕ್ಕೆ ಕಟ್ಕೊಂಡಿರ್ತಿದ್ದ.’

ಅವರು ನಿಟ್ಟುಸಿರು ಬಿಟ್ಟು ಗಂಡನ ಕಡೆ ತಿರುಗಿದರು. ‘ಸುಳ್ಳು ಹೇಳ್ದೆ ಏನ್ಮಾಡ್ತಾರ್ರೀ? ನಿಜ ಹೇಳಿದ್ರೆ ನೀವು ಬರ್ತಿದ್ರಾ?’ ಎಂದರು. ಆಮೇಲೆ ಅಮ್ಮನನ್ನು ಒಂದು ಕುರ್ಚಿಯಲ್ಲಿ ಕೂರಿಸಿ, ಪಕ್ಕಕ್ಕೆ ಇನ್ನೊಂದು ಕುರ್ಚಿಯನ್ನು ಎಳೆದುಕೊಂಡು, ಸೀರೆ ಸರಿಮಾಡಿಕೊಂಡು ಕೂತರು. ‘ವಿಶಾಲಾಕ್ಷಮ್ಮನೋರೆ, ನಂದೂ ಒಂದಿಷ್ಟಿದೆ.’

‘ಅಂಬುಜಾ, ಇಲ್ಲಿ ಬೇಡ ಕಣೇ,’ ಎಂದರು ಸದಾಶಿವಯ್ಯ. ಅವರಿಗೂ ಈಗ ನಮ್ಮೂರು ಅರ್ಥವಾಗಿತ್ತು.

‘ಇವರು ನನಗೆ ಒಂದು ದಿನಾನೂ ಹಡಗು ತೋರಿಸ್ಲಿಲ್ಲ’ ಎಂದರು ಅಂಬುಜಮ್ಮ.

ನಮ್ಮ ಇಂದ್ರಾಣಿ ಈ ಊರಲ್ಲೇ ಹುಟ್ಟಿ ಬೆಳೆದವಳು. ಅವಳಿಗೆ ಆ ಒಂದು ಕ್ಷಣ ಸಾಕಾಯಿತು. ಸೀರೆಯ ನೆರಿಗೆಯನ್ನು ಮೊಣಕಾಲಿಗೆ ಎತ್ತಿ ಹಿಡಿದು, ಸೋದರಮಾವನ ಕೈ ಕೊಡವಿ, ಕುರ್ಚಿಗಳ ನಡುವೆ ಓಡಿದಳು. ದಾರಿಯಲ್ಲಿ ಬಿದ್ದಿದ್ದ ಅಂತರಪಟದವರನ್ನು ದಾಟಿಕೊಂಡು ಹಸೆಮಣೆಗೆ ಬಂದು ಕತ್ತು ಬಗ್ಗಿಸಿ, ‘ಕಟ್ರೀ ಬೇಗ’ ಎಂದಳು. ಪ್ರಭಾಕರ ಕಂಗಾಲಾಗಿ ಜೋಯಿಸರನ್ನು ನೋಡಿದ. ಜೋಯಿಸರು ಪಂಚಾಂಗ ಎಸೆದು ಮಂತ್ರವನ್ನು ಒಂದೇ ಉಸಿರಿನಲ್ಲಿ ಶುರುಮಾಡಿದರು. ವಾಲಗದವರು ಎದ್ದುಬಿದ್ದು ಗಟ್ಟಿಮೇಳ ಹೊಡೆದರು. ಒಂದು ಗಂಟು ಬಿತ್ತು. ಗಟ್ಟಿಮೇಳಕ್ಕಿಂತ ಗಟ್ಟಿಯಾಗಿ ಅಂಬುಜಮ್ಮ, ‘ನಾನು ಹಾಡ್ತಿದ್ದೆ, ಮದುವೆಯಾದ್ಮೇಲೆ ಬಿಡ್ಸಿದ್ರು’ ಎಂದರು. ಪಾದ ಜುಮ್ಮೆಂದಿತು. ಎರಡನೆಯ ಗಂಟು ಬಿತ್ತು. ‘ನಾನೇ ಹೆತ್ತ ಮಗನಿಗೆ ಹೆಸರಿಡೋವಾಗ ನನ್ನನ್ನ ಕೇಳ್ಲಿಲ್ಲ’ ಎಂದು ಅವರು ಹೇಳುವುದಕ್ಕೂ, ಆ ಹೆಸರಿನ ಮಗನ ಬೆರಳು ಮೂರನೆಯ ಗಂಟನ್ನು ಬಿಗಿಯುವುದಕ್ಕೂ ಸರಿಹೋಯಿತು. ನೆಲ ಹಿಡಿಯಿತು. ಅದು ಯಾವ ಮುಹೂರ್ತ ಎಂದು ಜೋಯಿಸರು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ.

ನೆಲ ಬಿಟ್ಟ ಆ ಸ್ವಲ್ಪ ಹೊತ್ತಿನಲ್ಲಿ ಅಪ್ಪ ಪನ್ನೀರುದಾನಿಯನ್ನು ಎಸೆದು ಅಮ್ಮನ ಕಡೆಗೆ ನಡೆದಿದ್ದ. ಪೂರ್ತಿ ತಲುಪಲಾಗಲಿಲ್ಲ. ಛತ್ರದ ನಟ್ಟನಡುವೆ, ಏನೋ ಹೇಳಲು ಬಾಯಿ ತೆರೆದವನು ಹಾಗೆಯೇ ನಿಂತ. ಹೇಳಬೇಕೆಂದುಕೊಂಡದ್ದನ್ನು ಯೋಚಿಸಲು ಅವನಿಗೆ ಬೇಕಾದಷ್ಟು ಸಮಯ ಸಿಕ್ಕಿತು. ಹಸೆಮಣೆಯ ಮೇಲೆ ಗಂಡ ಹೆಂಡತಿ ತಲೆಗೆ ತಲೆ ತಾಕುವಂತೆ ನಿಂತೇ ಉಳಿದರು. ಅವರಿಬ್ಬರೂ ಏನೇನೋ ಪಿಸುಗುಟ್ಟಿಕೊಳ್ಳುತ್ತಿದ್ದರು, ಇಂದ್ರಾಣಿ ನಗುತ್ತಿದ್ದಳು. ಅಮ್ಮ ಬೀಗಿತ್ತಿಯ ಪಕ್ಕದಲ್ಲಿ ಕೆನ್ನೆಗೆ ಕೈಕೊಟ್ಟು ಕೂತು ಒಂದೊಂದಕ್ಕೂ ‘ಹೂಂ’, ‘ಅಯ್ಯೋ’, ‘ಆಮೇಲೆ?’ ಎನ್ನುತ್ತಿದ್ದಳು. ಸದಾಶಿವಯ್ಯನವರೂ ಮೊದಲು ಬಿಗಿದುಕೊಂಡಿದ್ದವರು, ಬರಬರುತ್ತ ತಲೆ ತಗ್ಗಿಸಿ, ಕೊನೆಕೊನೆಗೆ ತಾವೂ ಸಣ್ಣದಾಗಿ ಹೂಂಗುಟ್ಟತೊಡಗಿದರು.

ದೀಪ ಹಚ್ಚುವ ಹೊತ್ತಿಗೆ ಅಂಬುಜಮ್ಮ ‘ಅಷ್ಟೇ’ ಎಂದರು. ಅದು ಮೊದಲ ಸಲಕ್ಕೇ ಸರಿಯಾಯಿತು.

ಎಲ್ಲರೂ ಕಾಲು ಉಜ್ಜಿಕೊಳ್ಳುತ್ತ ಊಟಕ್ಕೆ ನಡೆದರು. ಅಮ್ಮ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ತನ್ನ ಪಕ್ಕದ ಎಲೆಯ ಮುಂದೆ ಕೂರಿಸಿದಳು, ನೆಂಟರೆದುರೇ ಯಾವುದೋ ಮಾತಿಗೆ ಬಿದ್ದು ಬಿದ್ದು ನಕ್ಕಳು. ಅನ್ನ ಗಂಟುಗಂಟಾಗಿತ್ತು, ಹಪ್ಪಳ ಮೆತ್ತಗಾಗಿತ್ತು, ಬೆಳಿಗ್ಗೆ ಮಾಡಿದ ಹುಳಿ ತಣ್ಣಗಾಗಿ ಮೇಲೆ ಕೆನೆ ಕಟ್ಟಿತ್ತು. ಬೀಗರೂ ನಾವೂ ಕೊನೆಯ ತುತ್ತಿನವರೆಗೆ ಉಂಡು ಕೈ ತೊಳೆದೆವು. ಅಡಿಗೆ ಹೇಗಿದೆ ಎಂದು ಯಾರೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ.